ಕಾರವಾರಕ್ಕೆ ಹೊಲಿದ ಹಡಗು ಬಂತು, ಹಳೆಯ ಬಂದರಿನ ಕುರುಹು ಎಲ್ಲಿ?

2025ರ ಮೇ ತಿಂಗಳಲ್ಲಿ ಕಾರವಾರದ ನೌಕಾನೆಲೆಯಲ್ಲಿ ‘ಕೌಂಡಿನ್ಯ’ ಎಂಬ ಹಾಯಿಹಡಗು ನೌಕಾಪಡೆಗೆ ಸೇರಿತು. ಹಲಗೆಗಳನ್ನು ಮೊಳೆ ಹೊಡೆದು ಕೂಡಿಸದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಂದುಗಳಿಗೆ ರಾಳ ಮೆತ್ತಿ ಕಟ್ಟಿದ ಹಡಗು ಅದು. ಅಜಂತಾ ಗುಹೆಯ 5ನೇ ಶತಮಾನದ ಚಿತ್ರ ಅದಕ್ಕೆ ಮಾದರಿ. ಹಾಯಿಯ ಮೇಲೆ ಗಂಡಭೇರುಂಡ. ಅದನ್ನು ನೋಡಿದ ಯಾವ ಕನ್ನಡಿಗನಿಗೂ ಒಂದು ಪ್ರಶ್ನೆ ಏಳುತ್ತದೆ: ಎರಡು ಸಾವಿರ ವರ್ಷದ ಹಿಂದೆ ನಮ್ಮ ಅಳಿವೆಗಳಿಂದಲೂ ಹೀಗೆ ಹಡಗು ಹೊರಡುತ್ತಿದ್ದವೇ? ಹೊರಡುತ್ತಿದ್ದರೆ ಆ ಬಂದರು ಯಾವುದು?

ಕೇರಳಕ್ಕೆ ಪಟ್ಟಣಂ ಇದೆ, ಪುದುಚೇರಿಗೆ ಅರಿಕಮೇಡು ಇದೆ. ಕಾರವಾರದಿಂದ ಉಳ್ಳಾಲದವರೆಗಿನ ನಮ್ಮ ಕರಾವಳಿಯಲ್ಲಿ ಅಷ್ಟು ವ್ಯಾಪಕವಾಗಿ ಉತ್ಖನನವಾದ ರೋಮನ್ ಕಾಲದ ಬಂದರು ಒಂದೂ ಇಲ್ಲ. ಈ ಖಾಲಿ ಜಾಗವನ್ನು ಸಾಮಾಜಿಕ ಜಾಲತಾಣಗಳು ಎರಡು ಸಂಗತಿಗಳಿಂದ ತುಂಬುತ್ತವೆ: ಈಜಿಪ್ಟಿನ ಪಪೈರಸ್‌ನಲ್ಲಿ ಸಿಕ್ಕ ‘ಕನ್ನಡ’, ಬೆಂಗಳೂರಿನಲ್ಲಿ ಸಿಕ್ಕ ರೋಮನ್ ನಾಣ್ಯ. ಪುರಾತತ್ತ್ವದ ವಿದ್ಯಾರ್ಥಿ ಸಾಗರ ವ್ಯಾಪಾರವನ್ನು ಪ್ರಬಂಧದ ವಿಷಯವಾಗಿ ಎತ್ತಿಕೊಂಡರೆ ಮೊದಲು ಎದುರಾಗುವುದೂ ಇವೇ. ಎರಡನ್ನೂ ಬದಿಗಿಟ್ಟು ಮಡಕೆ ಚೂರಿನಿಂದ ಆರಂಭಿಸುವುದು ಒಳ್ಳೆಯದು. ಕರ್ನಾಟಕದ ಮಟ್ಟಿಗೆ ಹೊಸದಾಗಿ ಅಗೆಯುವುದಕ್ಕಿಂತ, ಈಗಾಗಲೇ ಅಗೆದು ಪೆಟ್ಟಿಗೆಗೆ ತುಂಬಿದ್ದನ್ನು ಮತ್ತೆ ಬಿಚ್ಚಿ ನೋಡುವುದರಿಂದಲೇ ಹೆಚ್ಚು ತಿಳಿಯುತ್ತದೆ.

ಬರಹದಲ್ಲಿ ನಮ್ಮ ಕರಾವಳಿ

ಕ್ರಿ.ಶ. 1ನೇ ಶತಮಾನದ ನಡುಭಾಗದಲ್ಲಿ ಈಜಿಪ್ಟಿನಲ್ಲಿದ್ದ ಹೆಸರು ತಿಳಿಯದ ಗ್ರೀಕ್ ವರ್ತಕನೊಬ್ಬ ಬರೆದ ‘ಪೆರಿಪ್ಲಸ್’ ಒಂದು ವ್ಯಾಪಾರದ ಕೈಪಿಡಿ. ಯಾವ ಬಂದರಿನಲ್ಲಿ ಯಾವ ಸರಕು ಮಾರಬಹುದು, ಯಾವುದು ಕೊಳ್ಳಬಹುದು ಎಂಬ ಲೆಕ್ಕ ಅದರಲ್ಲಿದೆ. ಮುಜಿರಿಸ್ ಎಂಬ ಕೇರಳದ ಬಂದರಿನ ಕಡೆಗೆ ಒಯ್ಯುವ ಸರಕೆಂದರೆ ನಾಣ್ಯ, ಹವಳ, ಕಚ್ಚಾ ಗಾಜು, ತಾಮ್ರ, ತವರ, ಸೀಸ, ಒಂದಿಷ್ಟು ದ್ರಾಕ್ಷಾರಸ. ತರುವುದು ಕಾಳುಮೆಣಸು, ಮುತ್ತು, ದಂತ, ರೇಷ್ಮೆ. ಕೊಂಕಣದ ಬಂದರುಗಳ ಪಟ್ಟಿ ಮುಗಿದು ದಕ್ಷಿಣಕ್ಕೆ ಬರುತ್ತಿದ್ದಂತೆ ಅವನ ವಿವರಣೆ ತೆಳುವಾಗುತ್ತದೆ: ಕೆಲವು ದ್ವೀಪ, ಕೆರ್ಸೊನೆಸೊಸ್ ಎಂಬ ಜಾಗ, ಅದರ ಆಸುಪಾಸಿನಲ್ಲಿ ಕಡಲ್ಗಳ್ಳರು, ಆಮೇಲೆ ಬಿಳಿ ದ್ವೀಪ, ಅಲ್ಲಿಂದ ನೌರಾ ಮತ್ತು ಟಿಂಡಿಸ್ ಬಂದರುಗಳು. ಕೆರ್ಸೊನೆಸೊಸ್ ಎಂದರೆ ಗ್ರೀಕ್ ಭಾಷೆಯಲ್ಲಿ ಪರ್ಯಾಯದ್ವೀಪ. ಅದನ್ನು ಕಾರವಾರವೆಂದು ಗುರುತಿಸಿದವರಿದ್ದಾರೆ. ನೌರಾ ಮಂಗಳೂರು ಎನ್ನುವವರೂ ಇದ್ದಾರೆ, ಕಣ್ಣೂರು ಎನ್ನುವವರೂ ಇದ್ದಾರೆ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಹೆಸರಿಸುವ ನಿತ್ರಿಯಾಸ್ ನೇತ್ರಾವತಿಯೋ ನೇತ್ರಾಣಿ ದ್ವೀಪವೋ ಎಂಬ ವಾದವೂ ಹಳೆಯದು. ಅವನು ಹೇಳುವುದು ಇಷ್ಟು: ಮುಜಿರಿಸ್‌ನ ಹತ್ತಿರ ನಿತ್ರಿಯಾಸ್‌ನ ಕಡಲ್ಗಳ್ಳರಿದ್ದಾರೆ, ಆದ್ದರಿಂದ ಮುಜಿರಿಸ್ ಹಡಗು ತಂಗಲು ಒಳ್ಳೆಯ ಬಂದರಲ್ಲ.

ಹೆಸರಿನ ಉಲಿ ಹೋಲುತ್ತದೆ ಎಂಬುದೊಂದನ್ನೇ ಹಿಡಿದು ಊರು ಗುರುತಿಸುವುದು ಇಲ್ಲಿ ತುಂಬ ಅಪಾಯದ ಕೆಲಸ. ಪೆರಿಪ್ಲಸ್ ನಮಗೆ ಉಳಿದು ಬಂದಿರುವುದು ಮುಖ್ಯವಾಗಿ 10ನೇ ಶತಮಾನದ ಒಂದು ಹಸ್ತಪ್ರತಿಯಿಂದ. ಮೂಲಕ್ಕೂ ಅದಕ್ಕೂ ಸುಮಾರು 900 ವರ್ಷದ ಅಂತರ. ಭಾರತದ ಊರ ಹೆಸರು ಕೇಳರಿಯದ ಲಿಪಿಕಾರರ ಕೈಯಲ್ಲಿ ಅಕ್ಷರ ಹೇಗೆಲ್ಲ ಮಗುಚಿತೋ! ಹೆಸರಿಗಿಂತ ಭರವಸೆಗೆ ತಕ್ಕದ್ದು ದೂರ ಮತ್ತು ದಿಕ್ಕಿನ ಲೆಕ್ಕ. ಮುಜಿರಿಸ್ ಟಿಂಡಿಸ್‌ನಿಂದ 500 ಸ್ಟೇಡಿಯ ದೂರ, ಅಳಿವೆಯಿಂದ 20 ಸ್ಟೇಡಿಯ ಒಳಗೆ ಎಂದು ಪೆರಿಪ್ಲಸ್ ಹೇಳುತ್ತದೆ. ಒಂದು ಸ್ಟೇಡಿಯಕ್ಕೆ ಸುಮಾರು 185 ಮೀಟರ್ ಹಿಡಿದರೆ 20 ಸ್ಟೇಡಿಯ 3.7 ಕಿಲೋಮೀಟರ್ ಆಗುತ್ತದೆ. ಹುಡುಕಬೇಕಾದ ಜಾಗ ಕಡಲ ದಂಡೆಯಲ್ಲ, ಉಬ್ಬರದ ನೀರು ದೋಣಿಯನ್ನು ಒಳಗೆ ಹೊತ್ತೊಯ್ಯುವಷ್ಟು ದೂರದ ನದಿದಡ ಎಂಬುದಕ್ಕೆ ಇದು ಒಳ್ಳೆಯ ಸುಳಿವು.

ಹಡಗಿನ ದಾರಿಯನ್ನೂ ಗಮನಿಸಬೇಕು. ಪ್ಲಿನಿಯ ಪ್ರಕಾರ ಕೆಂಪು ಸಮುದ್ರದ ಬಾಯಲ್ಲಿರುವ ಒಸೆಲಿಸ್‌ನಿಂದ ಹೊರಟ ಹಡಗು ಮುಂಗಾರು ಗಾಳಿ ಹಿಡಿದು ತೆರೆದ ಕಡಲು ದಾಟಿ 40 ದಿನಕ್ಕೆ ಮುಜಿರಿಸ್ ಮುಟ್ಟುತ್ತಿತ್ತು. ನೇರವಾಗಿ ಮಲಬಾರಿಗೆ ಬರುವ ದೊಡ್ಡ ಹಡಗು ಹೊನ್ನಾವರದಲ್ಲೋ ಬಾರ್ಕೂರಿನಲ್ಲೋ ನಿಲ್ಲಬೇಕಾದ ಅಗತ್ಯವಿಲ್ಲ. ಹಾಗಾಗಿ ನಮ್ಮ ಅಳಿವೆಗಳಲ್ಲಿ ರೋಮನ್ ಸರಕು ಕಡಿಮೆ ಸಿಕ್ಕರೆ ‘ಇಲ್ಲಿ ವ್ಯಾಪಾರವೇ ಇರಲಿಲ್ಲ’ ಎಂದಾಗುವುದಿಲ್ಲ. ಕರಾವಳಿಯ ಗುಂಟ ಸಾಗುವ ಸಣ್ಣ ದೋಣಿಗಳು ಮೆಣಸನ್ನು ತೆಂಕಣಕ್ಕೆ ಒಯ್ದು ದೊಡ್ಡ ಹಡಗಿಗೆ ತುಂಬಿದ್ದಿರಬಹುದು. ಅಂಥ ವ್ಯಾಪಾರ ಮಣ್ಣಿನಲ್ಲಿ ಬಿಡುವ ಗುರುತು ವಿದೇಶಿ ಹೂಜಿಯಲ್ಲ. ಒಂದೇ ಬಗೆಯ ಸ್ಥಳೀಯ ಮಡಕೆ ಹಲವು ಅಳಿವೆಗಳಲ್ಲಿ ಹರಡಿರುವುದು. ಈ ದೃಷ್ಟಿಯಿಂದ ಕೇಳದೆ ಹೋದರೆ ಉತ್ತರವೂ ಸಿಗದು.

ಚೂರಿನ ಪರೀಕ್ಷೆ

ಹಡಗುಗಳು ಸಿಗುವುದು ಅಪರೂಪ. ಶ್ರೀಲಂಕಾದ ಗೋದವಾಯ ಬಳಿ ಸುಮಾರು 30 ಮೀಟರ್ ಆಳದಲ್ಲಿ ಗಾಜಿನ ಗಟ್ಟಿಗಳನ್ನೂ ಅರೆಯುವ ಕಲ್ಲುಗಳನ್ನೂ ಹೊತ್ತು ಮುಳುಗಿರುವ ಹಡಗು ಹಿಂದೂ ಮಹಾಸಾಗರದಲ್ಲಿ ಈವರೆಗೆ ಸಿಕ್ಕ ಅತ್ಯಂತ ಹಳೆಯದು. ಅದು ಪತ್ತೆಯಾದದ್ದು 2003ರಲ್ಲಿ. ಭಾರತದ ಹಡಗಿನ ಮರ ಉಳಿದಿದ್ದರೆ ಅದು ಹೆಚ್ಚಾಗಿ ಈಜಿಪ್ಟಿನ ಒಣ ಮರಳಿನಲ್ಲಿ. ಅಲ್ಲಿನ ಕೆಂಪು ಸಮುದ್ರ ದಂಡೆಯ ಬೆರೆನಿಕೆ ಬಂದರಿನ ಕಟ್ಟಡಗಳಲ್ಲಿ ಸಾಗುವಾನಿ ತೊಲೆಗಳಿವೆ. ಹಳೆಯ ಹಡಗು ಒಡೆದು ಅದರ ಮರವನ್ನು ಮನೆಗೆ ಬಳಸಿದ್ದೆಂದು ಅಲ್ಲಿ ಅಗೆದವರ ಊಹೆ. ಅಲ್ಲೇ ಸಿಕ್ಕ ಹತ್ತಿಬಟ್ಟೆಯ ತುಂಡು ಎಲ್ಲಿಯದೆಂದು ತಿಳಿಯಲು ನೂಲಿನ ಹುರಿ ನೋಡುತ್ತಾರೆ: ಭಾರತದ ನೂಲು ಸಾಮಾನ್ಯವಾಗಿ ಒಂದು ದಿಕ್ಕಿಗೆ ಹುರಿಗೊಂಡಿದ್ದರೆ ಈಜಿಪ್ಟಿನದು ಅದರ ಎದುರು ದಿಕ್ಕಿಗೆ. ಮಳೆ ಹೊಯ್ಯುವ, ಆಮ್ಲೀಯ ಮುರಕಲ್ಲು ಮಣ್ಣಿನ ನಮ್ಮ ಕರಾವಳಿಯಲ್ಲಿ ಬಟ್ಟೆ, ಮರ, ಮೂಳೆ ಯಾವುದೂ ನಿಲ್ಲದು. ನಿಲ್ಲುವುದು ಸುಟ್ಟ ಮಣ್ಣು, ಗಾಜು, ಕಲ್ಲುಮಣಿ.

ಅದಕ್ಕೇ ಎಲ್ಲವೂ ಮಡಕೆ ಚೂರಿನ ಮೇಲೆ ನಿಂತಿದೆ. ತಪ್ಪುಗಳೂ ಅಲ್ಲೇ ಶುರುವಾಗುತ್ತವೆ. ಸಿಕ್ಕ ಕೂಡಲೇ ಬ್ರಷ್ ಹಿಡಿದು ತಿಕ್ಕಿ ತೊಳೆಯುವುದು ಮೊದಲ ತಪ್ಪು. ಒಳಮೈಯಲ್ಲಿ ಕಪ್ಪು ಲೇಪವೋ ಅಂಟಿದ ಜಿಡ್ಡೋ ಕಂಡರೆ ಆ ಚೂರನ್ನು ನೀರಿಗೆ ಹಾಕದೆ, ಬರಿಗೈಯಲ್ಲಿ ಮುಟ್ಟದೆ, ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಬೇರೆ ಇಡಬೇಕು. ಪ್ಲಾಸ್ಟಿಕ್ ಚೀಲದಲ್ಲಿರುವ ರಾಸಾಯನಿಕ ಪ್ರಯೋಗಾಲಯದ ಫಲಿತಾಂಶದಲ್ಲಿ ಕಾಣಿಸಿಕೊಳ್ಳುತ್ತದೆ. ಕಡಲಂಚಿನ ಚೂರಿಗೆ ಉಪ್ಪಿನ ಕಾಟ ಬೇರೆ: ಹಾಗೇ ಒಣಗಿಸಿದರೆ ಒಳಗಿನ ಉಪ್ಪು ಹರಳುಗಟ್ಟಿ ಮೇಲ್ಮೈಯನ್ನು ಪದರ ಪದರವಾಗಿ ಎಬ್ಬಿಸುತ್ತದೆ. ಸಿಹಿನೀರಿನಲ್ಲಿ ನೆನೆಹಾಕಿ, ನೀರು ಬದಲಿಸುತ್ತ, ನೀರಿನ ವಿದ್ಯುತ್ ವಾಹಕತೆ ಇಳಿದು ಒಂದೇ ಮಟ್ಟಕ್ಕೆ ನಿಲ್ಲುವವರೆಗೆ ಕಾಯಬೇಕು. ಆಮೇಲೆ ನೆರಳಿನಲ್ಲಿ ಒಣಗಿಸಬೇಕು, ಬಿಸಿಲಿನಲ್ಲಲ್ಲ.

ಮುಂದಿನದು ಎಣಿಕೆ. ಚೂರುಗಳ ಸಂಖ್ಯೆ ಮಾತ್ರ ಹೇಳುವ ವರದಿ ದಾರಿ ತಪ್ಪಿಸುತ್ತದೆ, ಏಕೆಂದರೆ ದೊಡ್ಡ ಹೂಜಿ ಒಂದು ಒಡೆದರೆ ನೂರು ಚೂರಾಗುತ್ತದೆ, ಸಣ್ಣ ಬಟ್ಟಲು ಹತ್ತು. ಸಂಖ್ಯೆ, ತೂಕ, ಬಾಯಂಚಿನ ಅಳತೆ ಮೂರನ್ನೂ ಬರೆಯಬೇಕು. ಸಮಕೇಂದ್ರ ವೃತ್ತಗಳ ಹಾಳೆಯ ಮೇಲೆ ಬಾಯಂಚಿನ ಚೂರನ್ನು ಬೋರಲಾಗಿ ನಿಲ್ಲಿಸಿ, ಅದು ಯಾವ ವ್ಯಾಸಕ್ಕೆ ಕೂಡುತ್ತದೆ, ಇಡೀ ಬಾಯಿಯಲ್ಲಿ ಶೇಕಡ ಎಷ್ಟು ಭಾಗ ಉಳಿದಿದೆ ಎಂದು ನೋಡುತ್ತಾರೆ. ಶೇ. 25 ಇದ್ದರೆ 0.25 ಪಾತ್ರೆ ಎಂದು ಲೆಕ್ಕ. ಶೇ. 5ಕ್ಕಿಂತ ಸಣ್ಣ ಅಂಚಿನಿಂದ ವ್ಯಾಸ ಹೇಳಲು ಹೋಗಬಾರದು. ಕೈಯಿಂದ ಬಡಿದ ಮಡಕೆಯಾದರೆ ಅಂಚೇ ಪೂರ್ತಿ ದುಂಡಗಿರುವುದಿಲ್ಲ.

ಮಣ್ಣಿನ ಬಗೆ ತಿಳಿಯಲು ಚೂರಿನ ಮೂಲೆಯನ್ನು ಇಕ್ಕುಳದಿಂದ ಚಿಟುಕು ಮುರಿದು ಹೊಸ ಮುರಿತವನ್ನು 10 ಅಥವಾ 20 ಪಟ್ಟಿನ ಭೂತಗನ್ನಡಿಯಲ್ಲಿ ನೋಡಬೇಕು. ಇಟಲಿಯ ನೇಪಲ್ಸ್ ಕೊಲ್ಲಿಯ ಸುತ್ತಲಿನ ದ್ರಾಕ್ಷಾರಸದ ಆಂಫೋರಾ, ಅಂದರೆ ಎರಡು ಹಿಡಿಯ ಹೂಜಿ, ಇಲ್ಲಿ ತಾನೇ ಗುರುತು ಹೇಳಿಕೊಳ್ಳುತ್ತದೆ: ವೆಸೂವಿಯಸ್ ಜ್ವಾಲಾಮುಖಿಯ ಹೊಳೆಯುವ ಕಪ್ಪು ಮರಳು ಮಣ್ಣಿನಲ್ಲಿ ತುಂಬಿರುತ್ತದೆ. ಸಂಶಯ ಉಳಿದರೆ ಚೂರಿನಿಂದ 0.03 ಮಿಲಿಮೀಟರ್ ದಪ್ಪದ ತೆಳುಸೀಳು ಮಾಡಿ ಭೂವಿಜ್ಞಾನ ವಿಭಾಗದ ಧ್ರುವೀಕರಣ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು.

ಇಷ್ಟೆಲ್ಲ ಯಾಕೆ ಎಂಬುದಕ್ಕೆ ಟಾರ್ಪೆಡೊ ಜಾಡಿಯ ಕತೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹಿಡಿ ಇಲ್ಲದ, ಉದ್ದ ಮೈಯ, ಕೆಳಗೆ ಮೊನಚಾದ, ಒಳಗೆ ಡಾಂಬರಿನಂಥ ಕಪ್ಪು ಬಿಟುಮೆನ್ ಬಳಿದ ಜಾಡಿ ಇದು. ಭಾರತದ ಹಲವು ನೆಲೆಗಳಲ್ಲಿ ಸಿಕ್ಕ ಇದರ ಚೂರುಗಳನ್ನು ದಶಕಗಟ್ಟಲೆ ‘ರೋಮನ್ ಆಂಫೋರಾ’ ಎಂದು ದಾಖಲಿಸಿದ್ದರು. ಮಡಕೆ ತಜ್ಞೆ ರೊಬರ್ಟಾ ಟೊಂಬರ್ ಆ ಸಂಗ್ರಹಗಳನ್ನು ಮತ್ತೆ ಒಂದೊಂದಾಗಿ ನೋಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಿಂದ, ಅವುಗಳಲ್ಲಿ ಅನೇಕವು ಮೆಸೊಪೊಟೇಮಿಯಾ ಕಡೆಯ ಜಾಡಿಗಳು ಎಂಬುದು ಸ್ಪಷ್ಟವಾಯಿತು. ಅಲ್ಲಿಗೆ ರೋಮ್‌ನ ಸರಕು ಪರ್ಷಿಯಾ ಕೊಲ್ಲಿಯ ಸರಕಾಯಿತು; ಕಾಲವೂ ಎಷ್ಟೋ ಕಡೆ ಶತಮಾನಗಳಷ್ಟು ಈಚೆಗೆ, ಪರ್ಷಿಯಾವನ್ನಾಳಿದ ಸಸಾನಿಯನ್ನರ ಮತ್ತು ಆರಂಭದ ಇಸ್ಲಾಮಿನ ಕಾಲಕ್ಕೆ ಸರಿಯಿತು. ಹೊಸ ಗುಂಡಿ ಒಂದನ್ನೂ ತೋಡದೆ, ಪೆಟ್ಟಿಗೆ ಬಿಚ್ಚಿದ್ದರಿಂದಲೇ ಪಶ್ಚಿಮ ಕರಾವಳಿಯ ವ್ಯಾಪಾರದ ನಕ್ಷೆ ಬದಲಾಯಿತು.

ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಖಚಿತವಾದದ್ದು. ರೋಮನ್ ದ್ರಾಕ್ಷಾರಸದ ಆಂಫೋರಾಕ್ಕೆ ಒಳಗೆ ಪೈನ್ ಮರದ ರಾಳ ಬಳಿಯುತ್ತಿದ್ದರು, ಟಾರ್ಪೆಡೊ ಜಾಡಿಗೆ ನೆಲದಿಂದ ಉಕ್ಕುವ ಬಿಟುಮೆನ್. ಬರಿಗಣ್ಣಿಗೆ ಎರಡೂ ಕಪ್ಪು. ಲೇಪದ ರಾಸಾಯನಿಕಗಳನ್ನು ಬಿಡಿಸಿ ಗುರುತಿಸುವ ಗ್ಯಾಸ್ ಕ್ರೊಮಟೋಗ್ರಫಿ ಮತ್ತು ಮಾಸ್ ಸ್ಪೆಕ್ಟ್ರೋಮೆಟ್ರಿಯಲ್ಲಿ ರಾಳವು ಡೈಟರ್ಪಿನಾಯ್ಡ್‌ಗಳನ್ನು ತೋರಿಸಿದರೆ ಬಿಟುಮೆನ್ ಹೋಪೇನ್, ಸ್ಟೆರೇನ್‌ಗಳನ್ನು ತೋರಿಸುತ್ತದೆ. ಈ ಪರೀಕ್ಷೆಗೆ ಬೇಕಾಗುವುದು ಚಿಟಿಕೆಯಷ್ಟು ಲೇಪ. ಅದನ್ನು ಯಾರೋ ಹಿಂದೆಯೇ ಚೆನ್ನಾಗಿ ತೊಳೆದುಬಿಟ್ಟಿದ್ದರೆ ಮುಗಿಯಿತು.

ಗಾಜಿನ ವಿಷಯದಲ್ಲಿ ಒಂದೇ ಎಚ್ಚರಿಕೆ. ಮೆಡಿಟರೇನಿಯನ್ನಿನ ನೇಟ್ರಾನ್ ಎಂಬ ಖನಿಜ ಸೋಡಾ ಬೆರೆಸಿ ಮಾಡಿದ ಗಾಜಿನಲ್ಲಿ ಪೊಟ್ಯಾಷ್ ಮತ್ತು ಮೆಗ್ನೀಷಿಯಾ ಎರಡೂ ಸಾಮಾನ್ಯವಾಗಿ ಶೇ. 1.5ಕ್ಕಿಂತ ಕಡಿಮೆ, ದಕ್ಷಿಣ ಭಾರತದ ಮಣಿಗಳ ಗಾಜಿನಲ್ಲಿ ಅಲ್ಯೂಮಿನಾ ಹೆಚ್ಚು. ಆದರೆ ಈಗ ಎಲ್ಲೆಡೆ ಕೈಗೆ ಸಿಗುವ, ಕೈಯಲ್ಲಿ ಹಿಡಿದು ಗುಂಡಿ ಒತ್ತುವ ಎಕ್ಸ್-ರೇ ಯಂತ್ರ ಸೋಡಿಯಂ, ಮೆಗ್ನೀಷಿಯಂನಂಥ ಹಗುರ ಧಾತುಗಳನ್ನು ಸರಿಯಾಗಿ ಅಳೆಯದು. ಅದರ ಅಂಕಿಗಳನ್ನೇ ನೆಚ್ಚಿ ‘ರೋಮನ್ ಗಾಜು’ ಎಂದು ಬರೆದ ಪ್ರಬಂಧ ನಿಲ್ಲುವುದಿಲ್ಲ.

ಬ್ರಹ್ಮಗಿರಿ ಕಲಿಸುವ ಪಾಠ

ತಪ್ಪಾದ ಒಂದು ಕೊಂಡಿ ಎಷ್ಟು ದೂರ ಎಳೆಯಬಲ್ಲದು ಎಂಬುದಕ್ಕೆ ನಮ್ಮ ಚಿತ್ರದುರ್ಗ ಜಿಲ್ಲೆಯೇ ಸಾಕ್ಷಿ. ಬ್ರಿಟಿಷ್ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1945ರಲ್ಲಿ ಅರಿಕಮೇಡುವಿನಲ್ಲಿ ಅಗೆದಾಗ ಇಟಲಿಯ ಕೆಂಪು ಹೊಳಪಿನ ತಟ್ಟೆಯ ಚೂರುಗಳೂ, ಒಳತಳದಲ್ಲಿ ಸುತ್ತುಸುತ್ತಾಗಿ ಸಣ್ಣ ಗೀರುಗಳಿರುವ ನಯವಾದ ಬೂದು ತಟ್ಟೆಗಳೂ ಸಿಕ್ಕವು. ಎರಡನೆಯದಕ್ಕೆ ರೂಲೆಟೆಡ್ ತಟ್ಟೆ ಎಂದು ಹೆಸರು. ಇದೂ ಮೆಡಿಟರೇನಿಯನ್ ಕಡೆಯದೇ, ಕ್ರಿ.ಶ. 1ನೇ ಶತಮಾನದ್ದೇ ಎಂದು ವೀಲರ್ ಭಾವಿಸಿದರು. 1947ರಲ್ಲಿ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗೆ ಬಂದದ್ದು ಇದೇ ತಟ್ಟೆಯನ್ನು ಅಳತೆಗೋಲಾಗಿ ಹಿಡಿದುಕೊಂಡು. ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ರೂಲೆಟೆಡ್ ಚೂರು ಸಿಕ್ಕಿತು. ಆ ಪದರ ಕ್ರಿ.ಶ. 1ನೇ ಶತಮಾನದ್ದಾಯಿತು. ಅದರ ಕೆಳಗಿನ ಬೃಹತ್ ಶಿಲಾ ಸಮಾಧಿಗಳ ಕಾಲ ಕ್ರಿ.ಪೂ. 200ರಿಂದ ಶುರು, ಅದಕ್ಕೂ ಕೆಳಗಿನ ಕಲ್ಲುಕೊಡಲಿಯ ಜನ ಕ್ರಿ.ಪೂ. ಮೊದಲ ಸಹಸ್ರಮಾನದವರು ಎಂದು ಲೆಕ್ಕ ಇಳಿಯುತ್ತ ಹೋಯಿತು.

ಮುಂದೆ ಆದದ್ದೇನು? ರೇಡಿಯೋಕಾರ್ಬನ್ ಕಾಲನಿರ್ಣಯ ಬಂದ ಮೇಲೆ ದಕ್ಷಿಣದ ನವಶಿಲಾಯುಗ ಕ್ರಿ.ಪೂ. 3ನೇ ಸಹಸ್ರಮಾನಕ್ಕೆ ಹಿಂದೆ ಸರಿಯಿತು. ಹಳ್ಳೂರಿನ ಉತ್ಖನನದಿಂದ ಕಬ್ಬಿಣವೇ ಸುಮಾರು ಕ್ರಿ.ಪೂ. 1000ಕ್ಕೆ ಹೋಯಿತು. ಇತ್ತ 1989-92ರಲ್ಲಿ ಅರಿಕಮೇಡುವನ್ನು ಮತ್ತೆ ಅಗೆದ ವಿಮಲಾ ಬೆಗ್ಲಿ ರೂಲೆಟೆಡ್ ತಟ್ಟೆ ರೋಮನ್ ವ್ಯಾಪಾರಕ್ಕಿಂತ ಮೊದಲೇ, ಕ್ರಿಸ್ತಪೂರ್ವದಲ್ಲೇ ಆರಂಭವಾಗಿತ್ತು ಎಂದು ವಾದಿಸಿದರು. ಡೆಕ್ಕನ್ ಕಾಲೇಜಿನ ವಿಶ್ವಾಸ ಗೋಗ್ಟೆಯವರ ಎಕ್ಸ್-ರೇ ಪರೀಕ್ಷೆ ಅದರ ಮಣ್ಣನ್ನು ಗಂಗೆಯ ಕೆಳದಂಡೆಗೆ, ಬಂಗಾಳದ ಕಡೆಗೆ ಒಯ್ದಿತು. ಅಂದರೆ ಬ್ರಹ್ಮಗಿರಿಯ ಆ ಚೂರು ರೋಮ್‌ನ ಕುರುಹು ಅಲ್ಲವೇ ಅಲ್ಲ. ಬಂಗಾಳ ಕೊಲ್ಲಿಯ ದಂಡೆಯಿಂದ ಚಿತ್ರದುರ್ಗದ ಬಂಡೆಗಳ ನಡುವೆ ಬಂದು ಸೇರಿದ ತಟ್ಟೆ ಅದು. ನನಗೆ ಇದು ರೋಮ್‌ಗಿಂತ ದೊಡ್ಡ ಸುದ್ದಿಯೆನಿಸುತ್ತದೆ. ಪೂರ್ವ ಕರಾವಳಿಯ ಜಾಲ ನಮ್ಮ ಒಳನಾಡನ್ನು ತಲುಪಿತ್ತು, ಆದರೆ ನಾವು ಪಡುವಣದತ್ತಲೇ ನೋಡುತ್ತ ಕುಳಿತೆವು.

ರೇಡಿಯೋಕಾರ್ಬನ್‌ಗೂ ಮಿತಿಯಿದೆ. ಸಾಗುವಾನಿಯ ಇದ್ದಿಲು ಕಳಿಸಿದರೆ ಮರದ ವಯಸ್ಸು ಬರುತ್ತದೆ, ಒಲೆ ಉರಿದ ವರ್ಷ ಅಲ್ಲ. ನೂರಿನ್ನೂರು ವರ್ಷ ಹಿಂದಕ್ಕೆ ಜಾರುತ್ತದೆ. ಸುಟ್ಟ ಅಕ್ಕಿಕಾಳು, ಹುರುಳಿಕಾಳು ಆರಿಸಿಕೊಳ್ಳಬೇಕು. ಚಿಪ್ಪು ಕಳಿಸಿದರೆ ಕಡಲ ನೀರಿನ ಹಳೆಯ ಇಂಗಾಲಕ್ಕೆ ಬೇರೆ ತಿದ್ದುಪಡಿ ಮಾಡಬೇಕು. ಕ್ರಿ.ಪೂ. 800ರಿಂದ 400ರ ನಡುವಿನ ಮಾದರಿಯಾದರೆ, ಪ್ರಯೋಗಾಲಯದ ಅಳತೆಯನ್ನು ಕ್ಯಾಲೆಂಡರ್ ವರ್ಷಕ್ಕೆ ಬದಲಿಸುವ ತಿದ್ದುರೇಖೆ ಚಪ್ಪಟೆಯಾಗಿರುವುದರಿಂದ ಉತ್ತರ ಶತಮಾನಗಳ ಅಗಲಕ್ಕೆ ಹರಡುತ್ತದೆ. ಎಲ್ಲ ಸರಿಯಾದರೂ 1ನೇ ಶತಮಾನದ ಕಾಳಿಗೆ ನೂರು ವರ್ಷದ ಆಚೀಚೆ ಉಳಿಯುತ್ತದೆ. ರೋಮನ್ ಚಕ್ರವರ್ತಿ ಅಗಸ್ಟಸ್ ಕಾಲವೋ ನೀರೋ ಕಾಲವೋ ಎಂದು ಅದರಿಂದ ಹೇಳಲಾಗದು.

ನಾಣ್ಯ, ಮೆಣಸು, ಪಪೈರಸ್

1891ರಲ್ಲಿ ಯಶವಂತಪುರದ ಬಳಿ 163, 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಹತ್ತಿರ 256 ರೋಮನ್ ಬೆಳ್ಳಿ ದಿನಾರಿಗಳು ಸಿಕ್ಕವು. ಅಗಸ್ಟಸ್, ಟೈಬೀರಿಯಸ್ ನಾಣ್ಯಗಳೇ ದಕ್ಷಿಣ ಭಾರತದ ಇಂಥ ನಿಧಿಗಳಲ್ಲಿ ಹೆಚ್ಚು. ಅವು ಟಂಕವಾದ ಕಾಲದಲ್ಲೇ ಬೆಂಗಳೂರಿಗೆ ಬಂದವು ಎಂದು ಬರೆದುಬಿಡುವುದು ತಪ್ಪು. ಕ್ರಿ.ಶ. 64ರಲ್ಲಿ ನೀರೋ ದಿನಾರಿಯ ತೂಕವನ್ನೂ ಬೆಳ್ಳಿಯ ಶುದ್ಧಿಯನ್ನೂ ಇಳಿಸಿದ. ಬೆಳ್ಳಿಯನ್ನು ತೂಕಕ್ಕೆ ಕೊಳ್ಳುವ ಭಾರತದ ವರ್ತಕನಿಗೆ ಹಳೆಯ ನಾಣ್ಯವೇ ಬೇಕು. ಆದ್ದರಿಂದ ಹಳೆಯದನ್ನು ಆರಿಸಿ ಆಮೇಲೂ ಕಳಿಸುತ್ತಿದ್ದಿರಬಹುದು. ನಾಣ್ಯದ ವರ್ಷ ಹೇಳುವುದು ‘ಇದಕ್ಕಿಂತ ಮೊದಲು ಹೂತದ್ದಲ್ಲ’ ಎಂಬುದನ್ನಷ್ಟೇ. ಸವಕಳಿ ಎಷ್ಟು, ಕಡಿದ ಗುರುತು ಇದೆಯೇ, ಜೊತೆಗೆ ಯಾವ ಸ್ಥಳೀಯ ನಾಣ್ಯವಿತ್ತು ಎಂಬುದನ್ನು ನೋಡಬೇಕು. ನಾಣ್ಯ ಒಳನಾಡಿಗೆ ಬಂದ ದಾರಿ ನಮ್ಮ ಘಟ್ಟವೇ ಎನ್ನಲು ಬೆಂಗಳೂರಿನ ನಿಧಿ ಆಧಾರವಾಗದು. ಪಾಲಕ್ಕಾಡು ಕಣಿವೆ ಮತ್ತು ಕೊಯಮತ್ತೂರಿನ ಹಾದಿಯಲ್ಲಿ ಇಂಥ ನಿಧಿಗಳು ಸಾಲುಸಾಲಾಗಿ ಸಿಕ್ಕಿವೆ.

ಮೆಣಸಿಗೂ ಇದೇ ಮಾತು. ಬೆರೆನಿಕೆಯ ದೇವಾಲಯದ ಅಂಗಳದಲ್ಲಿ ಭಾರತದ ಜಾಡಿಯೊಂದರೊಳಗೆ 7.55 ಕಿಲೋ ಕಾಳುಮೆಣಸು ಸಿಕ್ಕಿತು. ಪ್ಲಿನಿ ಕೊಡುವ ಬೆಲೆ ಒಂದು ರೋಮನ್ ಪೌಂಡಿಗೆ 4 ದಿನಾರಿ. ಪೌಂಡಿಗೆ 327 ಗ್ರಾಂ ಹಿಡಿದರೆ ಜಾಡಿಯ ಬೆಲೆ ಸುಮಾರು 92 ದಿನಾರಿ. ಆ ಕಾಲದ ರೋಮನ್ ಸೈನಿಕನ ವರ್ಷದ ಸಂಬಳ 225 ದಿನಾರಿ, ಅಂದರೆ ಹೆಚ್ಚುಕಡಿಮೆ ಐದು ತಿಂಗಳ ಸಂಬಳ ಆ ಜಾಡಿಯಲ್ಲಿತ್ತು! ಮೆಣಸು ಕೇರಳದ್ದೋ ಶರಾವತಿ ಕಣಿವೆಯದ್ದೋ ಎಂದು ಕಾಳು ನೋಡಿ ಹೇಳಲಾಗದು. 16ನೇ ಶತಮಾನದಲ್ಲಿ ಪೋರ್ಚುಗೀಸರು ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದರು ಎಂಬ ಕಾರಣಕ್ಕೆ 1,500 ವರ್ಷ ಹಿಂದೆಯೂ ಅಲ್ಲಿಂದಲೇ ಹೋಯಿತು ಎನ್ನುವುದು ಆಸೆಯೇ ಹೊರತು ಆಧಾರವಲ್ಲ. ಜಾಡಿಯ ಮಣ್ಣು ಮಾತ್ರ ಹೇಳಬಲ್ಲದು, ಅದನ್ನು ಹೋಲಿಸಲು ನಮ್ಮ ನದಿದಡಗಳ ಮಣ್ಣಿನ ಮಾದರಿ ಇದ್ದರೆ.

ಇನ್ನು ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ, ಜಾಲತಾಣಗಳು ‘ಕನ್ನಡ’ ಕಾಣುವ 413ನೇ ಸಂಖ್ಯೆಯ 2ನೇ ಶತಮಾನದ ಪಪೈರಸ್. ಭಾರತದ ಕಡಲತೀರದಲ್ಲಿ ಸಿಕ್ಕಿಬಿದ್ದ ಕ್ಯಾರಿಟಿಯನ್ ಎಂಬ ಗ್ರೀಕ್ ಹುಡುಗಿಯ ಪ್ರಹಸನ ಇದು, 1903ರಲ್ಲಿ ಪ್ರಕಟವಾಯಿತು. ಅದರಲ್ಲಿ ಸ್ಥಳೀಯರು ಆಡುವ ಮಾತು ಕನ್ನಡವಿರಬಹುದೆಂದು ಶಾಸನತಜ್ಞ ಹುಲ್ಟ್ಸ್ 1904ರಲ್ಲಿ ಸೂಚಿಸಿದರು. 1926ರಲ್ಲಿ ವಿದ್ವಾಂಸ ಬಾರ್ನೆಟ್ ಅದನ್ನು ಒಪ್ಪಲಿಲ್ಲ. ತೊಡಕು ಇಲ್ಲಿದೆ: ಗ್ರೀಕ್ ಅಕ್ಷರದಲ್ಲಿ ಕನ್ನಡದ ಎಷ್ಟೋ ಧ್ವನಿಗಳಿಗೆ ಜಾಗವಿಲ್ಲ, ಪದ ಎಲ್ಲಿ ಒಡೆಯುತ್ತದೆ ಎಂಬ ಗುರುತಿಲ್ಲ, ಹೋಲಿಸಲು 2ನೇ ಶತಮಾನದ ಕನ್ನಡದ ಬರಹವೂ ಇಲ್ಲ. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. ಓದುವವರು ಎಷ್ಟು ಅಕ್ಷರ ಬದಲಿಸಿಕೊಂಡರು, ಒಂದೇ ನಿಯಮವನ್ನು ಕೊನೆಯವರೆಗೆ ಪಾಲಿಸಿದರೇ ಎಂದು ಎಣಿಸಿ ನೋಡಿದರೆ ವಾದದ ಬಲ ತಿಳಿಯುತ್ತದೆ. ಇದರ ಪಕ್ಕದಲ್ಲಿ ಈಜಿಪ್ಟಿನ ಕುಸೈರ್ ಅಲ್-ಕದೀಮ್‌ನ ಮಡಕೆ ಚೂರನ್ನಿಟ್ಟು ನೋಡಿ. ತಮಿಳು ಬ್ರಾಹ್ಮಿ ಅಕ್ಷರದಲ್ಲಿ ಕೊರೆದ ವ್ಯಕ್ತಿಯ ಹೆಸರು ಅದರ ಮೇಲೇ ಇದೆ, ಯಾರೂ ತಿದ್ದಿ ಓದಬೇಕಾಗಿಲ್ಲ. ನಮ್ಮ ನಾಡಿನ ಪರವಾಗಿ ಗ್ರೀಕರು ಹೇಳಿದ ಗಟ್ಟಿ ಮಾತು ಬೇಕಿದ್ದರೆ 2ನೇ ಶತಮಾನದ ಭೂಗೋಳಜ್ಞ ಟಾಲೆಮಿ ಊರುಗಳ ಪಟ್ಟಿಯಲ್ಲಿ ಬರೆದ ಬನವಾಸಿಯ ಹೆಸರೇ ಇದೆ.

ಮುಂದೆ ಎಲ್ಲಿ ನೋಡಬೇಕು

ಉತ್ಖನನದ ಪರವಾನಗಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಸಂಸ್ಥೆಗಳಿಗೆ ಸಿಗುತ್ತದೆ, ವಿದ್ಯಾರ್ಥಿಗಲ್ಲ. ಸಲಿಕೆ ಎತ್ತುವ ಹಾಗಿಲ್ಲ. ಆದರೆ ಸಂಗ್ರಹಾಲಯದ ಪೆಟ್ಟಿಗೆ ಬಿಚ್ಚಲು ಒಂದು ಅರ್ಜಿ ಮತ್ತು ಮಾರ್ಗದರ್ಶಕರ ಪತ್ರದಿಂದ ಕೆಲಸ ಶುರುವಾಗುತ್ತದೆ. ಬನವಾಸಿ, ಚಂದ್ರವಳ್ಳಿ, ಬ್ರಹ್ಮಗಿರಿ, ಬೆಳಗಾವಿಯ ವಡಗಾವಿ-ಮಾಧವಪುರ: ಶಾತವಾಹನ ಕಾಲದ ಪದರಗಳಿರುವ ನೆಲೆಗಳು ಇವು. ಇಲ್ಲಿನ ಚೂರುಗಳಲ್ಲಿ ಒಳಮೈ ಕಪ್ಪಾದ ದಪ್ಪ ಚೂರು, ಕಪ್ಪು ಜ್ವಾಲಾಮುಖಿ ಮರಳಿನ ಚೂರು, ರೂಲೆಟೆಡ್ ಚೂರು, ಈ ಮೂರನ್ನು ಮಾತ್ರ ಹುಡುಕುವುದು ಒಂದು ವರ್ಷದ ಪ್ರಬಂಧಕ್ಕೆ ಸಾಕಾದಷ್ಟು ಕೆಲಸ. ಚೀಟಿ ಕಳೆದುಹೋದ ಚೂರನ್ನು ಚಿತ್ರಕ್ಕೆ ಬಳಸಬಹುದು, ಲೆಕ್ಕಕ್ಕೆ ಸೇರಿಸಬಾರದು.

ಅನುಮತಿ ಪಡೆದು ಕರಾವಳಿಯಲ್ಲಿ ನಡೆಯುವುದಾದರೆ ಬನವಾಸಿಯಿಂದ ಘಟ್ಟ ಇಳಿಯುವ ಹಾದಿಗಳ ಬುಡ ಮೊದಲಿಗೆ. ಬನವಾಸಿಯನ್ನಾಳಿದ ಚುಟು ಅರಸರ ದೊಡ್ಡ ಸೀಸದ ನಾಣ್ಯಗಳು ಕಾರವಾರದಲ್ಲಿ ಸಿಕ್ಕಿರುವುದು ಆ ಹಾದಿ ನಿಜವಾಗಿ ಬಳಕೆಯಲ್ಲಿತ್ತು ಎಂಬುದರ ಸುಳಿವು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆಯಿಂದ ಮೂರರಿಂದ ಹತ್ತು ಕಿಲೋಮೀಟರ್ ಒಳಗೆ, ಉಪ್ಪುನೀರು ಬರುವ ಗಜನಿ ಬಯಲಿನ ಅಂಚಿನಲ್ಲಿ ಎದ್ದ ಮುರಕಲ್ಲಿನ ದಿಬ್ಬಗಳನ್ನು ನೋಡಬೇಕು. ತೆಂಗಿನ ಸಸಿಗೆ ತೆಗೆದ ಗುಂಡಿ, ಹೊಸ ಬಾವಿಯ ಮಣ್ಣು, ಸಿಗಡಿ ಹೊಂಡದ ಏರಿ ಇವೇ ಅಲ್ಲಿನ ಪರೀಕ್ಷಾ ಗುಂಡಿಗಳು. ಮಳೆ ನಿಂತ ಮೇಲೆ, ಹುಲ್ಲು ಒಣಗಿದ ಜನವರಿಯಿಂದ ಮೇ ತಿಂಗಳವರೆಗೆ ನೆಲ ಕಾಣಿಸುತ್ತದೆ. ಒಂದೊಂದು ದಿಬ್ಬದಲ್ಲೂ ಏನೂ ಸಿಗದ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಬೇಕು, ಎಷ್ಟು ಹೊತ್ತು ನಡೆದದ್ದು, ನೆಲ ಎಷ್ಟು ಕಾಣಿಸುತ್ತಿತ್ತು ಎಂಬುದರ ಸಮೇತ. ಹಾಗೆ ಬರೆದಿಟ್ಟರೆ ‘ಇಲ್ಲಿ ಬಂದರು ಇರಲಿಲ್ಲ’ ಎಂಬುದಕ್ಕೂ ‘ಇಲ್ಲಿ ಯಾರೂ ನೋಡಿಲ್ಲ’ ಎಂಬುದಕ್ಕೂ ಇರುವ ಅಂತರ ಮೊದಲ ಬಾರಿಗೆ ಕಾಗದದ ಮೇಲೆ ಕಾಣಿಸೀತು.